ಮೆಟಲ್ ಹ್ಯಾಲೈಡ್ ಬೀದಿದೀಪ ಹೊತ್ತಿಕೊಂಡ ಮೊದಲ ನಿಮಿಷಗಳಲ್ಲಿ ಬಣ್ಣ ಬದಲಾಗುವುದು ಏಕೆ?

ಸಂಜೆಬೆಳಕು:

ಎಲ್ಲರಿಗೂ ನಮಸ್ಕಾರ. ಮೆಟಲ್ ಹ್ಯಾಲೈಡ್ ಬೀದಿದೀಪಗಳು ಹೊತ್ತಿಕೊಳ್ಳುವುದನ್ನು ನಿಂತು ನೋಡುವುದು ನನಗೆ ಬಹಳ ಇಷ್ಟ. ಸ್ವಿಚ್ ಹಾಕಿದ ಕೂಡಲೇ ಅವು ಬಿಳಿ ಬೆಳಕು ಕೊಡುವುದಿಲ್ಲ. ಮೊದಲು ಮಂಕಾದ ನೇರಳೆ ಛಾಯೆಯ ಬೆಳಕು ಕಾಣುತ್ತದೆ, ಸ್ವಲ್ಪ ಹೊತ್ತಿನಲ್ಲೇ ಅದು ತಿಳಿ ನೀಲಿಗೆ ತಿರುಗುತ್ತದೆ, ಆಮೇಲೆ ಹಸಿರು ಬೆರೆತಂತೆ ಆಗುತ್ತದೆ. ಕೆಲವು ದೀಪಗಳಲ್ಲಿ ನಡುವೆ ಒಂದಿಷ್ಟು ಹೊತ್ತು ಗುಲಾಬಿ ಛಾಯೆಯೂ ಇಣುಕಿ ಹೋಗುತ್ತದೆ. ಕೊನೆಗೆ ಬೆಳಕು ಬಿಳಿಯಾಗಿ ನೆಲೆ ನಿಲ್ಲಲು ಎರಡರಿಂದ ಐದು ನಿಮಿಷ ಹಿಡಿಯುತ್ತದೆ.

ನನ್ನನ್ನು ಕಾಡುವ ಸಂಗತಿಗಳು ಕೆಲವಿವೆ. ಒಂದೇ ಸಾಲಿನಲ್ಲಿ, ಒಂದೇ ಕ್ಷಣದಲ್ಲಿ ಹೊತ್ತಿಕೊಂಡ ದೀಪಗಳು ಕೂಡ ಒಂದೇ ಬಗೆಯಲ್ಲಿ ಬಣ್ಣ ಬದಲಿಸುವುದಿಲ್ಲ. ಒಂದು ಬಿಳಿಯಾದ ಮೇಲೂ ಪಕ್ಕದ್ದು ಹಸಿರಿನಲ್ಲೇ ಇರುತ್ತದೆ. ವಿದ್ಯುತ್ ಒಂದು ಕ್ಷಣ ಹೋಗಿ ಬಂದರೆ ದೀಪಗಳು ಕೂಡಲೇ ಹೊತ್ತಿಕೊಳ್ಳದೆ ಬಹಳ ಹೊತ್ತು ಕತ್ತಲಾಗಿಯೇ ಉಳಿಯುತ್ತವೆ. ಇವೆಲ್ಲ ದೋಷದ ಲಕ್ಷಣಗಳೋ ಅಥವಾ ಈ ದೀಪದ ಸ್ವಭಾವವೋ? ಬಣ್ಣಗಳು ಇದೇ ಕ್ರಮದಲ್ಲಿ ಬರುವುದಕ್ಕೆ ಕಾರಣವೇನು? ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ರೋಹಿತರೇಖೆ:

ಸಂಜೆಬೆಳಕು ಅವರೇ, ಒಳ್ಳೆಯ ಪ್ರಶ್ನೆ. ನೀವು ನೋಡಿದ್ದು ದೀಪದ ಸ್ವಭಾವವೇ. ಒಳಗೆ ತುಂಬಿಟ್ಟಿರುವ ಬೇರೆ ಬೇರೆ ವಸ್ತುಗಳು ಒಂದಾದ ಮೇಲೊಂದು ಆವಿಯಾಗುತ್ತವೆ, ಪ್ರತಿಯೊಂದೂ ತನ್ನದೇ ಬಣ್ಣವನ್ನು ಬೆಳಕಿಗೆ ಸೇರಿಸುತ್ತದೆ. ಆ ಸರದಿಯೇ ನಿಮ್ಮ ಕಣ್ಣಿಗೆ ಬಣ್ಣಗಳ ಸಾಲಾಗಿ ಕಂಡಿದೆ.

ದೀಪದ ಹೊರಗಿನ ಗಾಜಿನ ಬುರುಡೆಯೊಳಗೆ ಇನ್ನೊಂದು ಪುಟ್ಟ ಕೊಳವೆ ಇರುತ್ತದೆ. ಅದು ಹೆಚ್ಚು ತಾಪ ತಡೆಯುವ ಕ್ವಾರ್ಟ್ಜ್‌ನಿಂದಲೋ, ಹೊಸ ಬಗೆಯ ದೀಪಗಳಲ್ಲಿ ಪಿಂಗಾಣಿಯಂಥ ಅಲ್ಯುಮಿನಾದಿಂದಲೋ ಮಾಡಿದ್ದು. ಬೆಳಕು ಹುಟ್ಟುವುದೆಲ್ಲ ಈ ಪುಟ್ಟ ಕೊಳವೆಯಲ್ಲಿ. ಅದರ ಎರಡು ತುದಿಗಳಲ್ಲಿ ಟಂಗ್‌ಸ್ಟನ್ ಎಲೆಕ್ಟ್ರೋಡುಗಳಿರುತ್ತವೆ. ಒಳಗೆ ಸ್ವಲ್ಪ ಆರ್ಗಾನ್ ಅನಿಲ, ಪಾದರಸ, ಮತ್ತು ಕೆಲವು ಲೋಹಗಳ ಅಯೋಡೈಡುಗಳು, ಅಂದರೆ ಲೋಹವು ಅಯೋಡಿನ್ ಜೊತೆ ಕೂಡಿದ ಸಂಯುಕ್ತಗಳು, ಇರುತ್ತವೆ. ಯಾವ ಲೋಹಗಳು ಎಂಬುದು ತಯಾರಕರನ್ನು ಅವಲಂಬಿಸಿದೆ. ಸೋಡಿಯಂ ಮತ್ತು ಸ್ಕ್ಯಾಂಡಿಯಂ ಒಂದು ಜೋಡಿ. ಸೋಡಿಯಂ, ಥಾಲಿಯಂ ಮತ್ತು ಇಂಡಿಯಂ ಇನ್ನೊಂದು ಕೂಟ. ಡಿಸ್ಪ್ರೋಸಿಯಂ, ಹೋಲ್ಮಿಯಂ, ಥೂಲಿಯಂ ಮುಂತಾದ ವಿರಳ ಭಸ್ಮ ಲೋಹಗಳನ್ನು ಸೇರಿಸಿದ ಮೂರನೆಯ ಬಗೆಯೂ ಇದೆ. ನೀವು ನೋಡುವ ಬಣ್ಣಗಳ ಕ್ರಮ ಈ ಮಿಶ್ರಣದ ಮೇಲೆ ನಿಂತಿದೆ.

ದೀಪ ತಣ್ಣಗಿದ್ದಾಗ ಅಯೋಡೈಡುಗಳು ಘನರೂಪದಲ್ಲಿ ಗೋಡೆಗೆ ಅಂಟಿಕೊಂಡಿರುತ್ತವೆ, ಪಾದರಸ ಸಣ್ಣ ಸಣ್ಣ ಹನಿಗಳಾಗಿ ಕೂತಿರುತ್ತದೆ. ಅನಿಲವಾಗಿ ಸಿದ್ಧವಾಗಿರುವುದು ಆರ್ಗಾನ್ ಒಂದೇ. ದೀಪ ಹೊತ್ತಿಸುವ ಸಾಧನವಾದ ಇಗ್ನೈಟರ್ ಕೊಡುವ ಹೆಚ್ಚು ವೋಲ್ಟೇಜಿನ ಪೆಟ್ಟು ಬಿದ್ದಾಗ ಮೊದಲು ವಿದ್ಯುತ್ತಿಗೆ ದಾರಿ ಬಿಡುವುದು ಅದೇ. ಆರಂಭದ ನೇರಳೆ ಛಾಯೆಯಲ್ಲಿ ಅದರ ಪಾಲು ಇದೆ. ಆದರೆ ಕೋಣೆಯ ತಾಪದಲ್ಲಿಯೂ ಪಾದರಸದ ಒಂದು ಅಲ್ಪ ಅಂಶ ಆವಿಯಾಗಿಯೇ ಇರುತ್ತದೆ. ಆರ್ಗಾನ್ ಪರಮಾಣು ಚೈತನ್ಯ ಪಡೆದು (ಪರಮಾಣುವಿನ ಚೈತನ್ಯವನ್ನು ಎಲೆಕ್ಟ್ರಾನ್ ವೋಲ್ಟ್ ಎಂಬ ಮಾನದಲ್ಲಿ ಅಳೆಯುತ್ತಾರೆ) ಸುಮಾರು 11.5 ಎಲೆಕ್ಟ್ರಾನ್ ವೋಲ್ಟ್‌ನ ಸ್ಥಿತಿಯಲ್ಲಿ ನಿಂತಾಗ, 10.4 ಎಲೆಕ್ಟ್ರಾನ್ ವೋಲ್ಟ್ ಸಾಕಾಗುವ ಪಾದರಸದ ಪರಮಾಣುವನ್ನು ಒಂದೇ ಡಿಕ್ಕಿಯಲ್ಲಿ ಎಲೆಕ್ಟ್ರಾನ್ ಕಳಚಿ ಅಯಾನಾಗಿಸಬಲ್ಲದು. ಹೀಗಾಗಿ ಪಾದರಸದ ನೀಲಿ ಮತ್ತು ನೇರಳೆ ರೇಖೆಗಳು, ಅಂದರೆ ಅದರ ಪರಮಾಣುವಿಗೆ ಮೀಸಲಾದ ಬಣ್ಣಗಳು, ಮೊದಲ ಕ್ಷಣದಿಂದಲೇ ಸೇರಿಕೊಂಡಿರುತ್ತವೆ. ಶುದ್ಧ ಆರ್ಗಾನಿನ ಬೆಳಕನ್ನು ಈ ದೀಪದಲ್ಲಿ ನಾವು ನೋಡುವುದೇ ಇಲ್ಲ ಎಂದರೂ ಸರಿಯೇ.

ಕೊಳವೆ ಬಿಸಿಯಾದಂತೆ ಪಾದರಸ ಪೂರ್ತಿ ಆವಿಯಾಗುತ್ತದೆ. ಸಾಮಾನ್ಯ ಒತ್ತಡದಲ್ಲಿ ಅದರ ಕುದಿಬಿಂದು 357 ಡಿಗ್ರಿ ಸೆಲ್ಸಿಯಸ್ ಮಾತ್ರ. ಈ ಹಂತದಲ್ಲಿ ದೀಪ ಹಳೆಯ ಪಾದರಸ ದೀಪದ ಹಾಗೆಯೇ ನೀಲಿ-ಹಸಿರು ಬೆರೆತ ಬಿಳಿಯಲ್ಲಿ ಬೆಳಗುತ್ತದೆ. ಅಯೋಡೈಡುಗಳು ಆವಿಯಾಗಲು ಇದಕ್ಕಿಂತ ಎಷ್ಟೋ ಹೆಚ್ಚು ತಾಪ ಬೇಕು. ಅವುಗಳ ಸರದಿ ಕೊನೆಯದು. ಆವಿಯಾದ ಅಯೋಡೈಡು, ಎಲೆಕ್ಟ್ರೋಡುಗಳ ನಡುವೆ ಉರಿಯುವ ಹಲವು ಸಾವಿರ ಡಿಗ್ರಿಯ ವಿದ್ಯುತ್ ಚಾಪದ, ಅಂದರೆ ಆರ್ಕ್‌ನ ನಡುಭಾಗಕ್ಕೆ ಹೋದಾಗ ಲೋಹ ಮತ್ತು ಅಯೋಡಿನ್ ಬೇರೆಯಾಗುತ್ತವೆ, ಲೋಹದ ಪರಮಾಣು ತನ್ನ ಬಣ್ಣವನ್ನು ಚೆಲ್ಲುತ್ತದೆ, ಗೋಡೆಯ ಹತ್ತಿರ ಬಂದಾಗ ಎರಡೂ ಮತ್ತೆ ಕೂಡಿಕೊಳ್ಳುತ್ತವೆ. ದೀಪ ಉರಿಯುವಷ್ಟು ಹೊತ್ತೂ ಈ ಸುತ್ತು ನಡೆಯುತ್ತಲೇ ಇರುತ್ತದೆ. ಲೋಹವನ್ನು ನೇರವಾಗಿ ತುಂಬದೆ ಅಯೋಡೈಡಾಗಿ ತುಂಬುವುದಕ್ಕೂ ಇದೇ ಕಾರಣ. ಈ ಲೋಹಗಳಲ್ಲಿ ಹಲವು ಗೋಡೆಯ ತಾಪದಲ್ಲಿ ಸಾಕಷ್ಟು ಆವಿಯಾಗುವುದಿಲ್ಲ, ಸೋಡಿಯಂ ಆದರೋ ಬಿಸಿ ಕ್ವಾರ್ಟ್ಜ್ ಅನ್ನು ತಿಂದುಹಾಕುತ್ತದೆ. ಅಯೋಡೈಡಿನ ರೂಪದಲ್ಲಿ ಈ ಎರಡು ತೊಂದರೆಗಳೂ ಬಹಳ ಮಟ್ಟಿಗೆ ನೀಗುತ್ತವೆ.

ಹೀಗೆ ಮಾಡಬಹುದೆಂಬ ಯೋಚನೆ ಬಹಳ ಹಳೆಯದು. ಚಾರ್ಲ್ಸ್ ಸ್ಟೈನ್‌ಮೆಟ್ಜ್ ಅವರಿಗೆ 1912ರಲ್ಲೇ ಇಂಥ ಪೇಟೆಂಟ್ ದೊರೆತಿತ್ತು. ಆದರೆ ಬಳಕೆಗೆ ಯೋಗ್ಯವಾದ ದೀಪ ಬಂದದ್ದು 1960ರ ದಶಕದ ಆರಂಭದಲ್ಲಿ, ಜನರಲ್ ಎಲೆಕ್ಟ್ರಿಕ್ ಕಂಪನಿಯ ಗಿಲ್ಬರ್ಟ್ ರೈಲಿಂಗ್ ಅವರ ಕೆಲಸದಿಂದ. 1964ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಜನ ಇದರ ಬೆಳಕನ್ನು ಕಂಡರು.

ಚೋಕ್‌ಪೆಟ್ಟಿಗೆ:

ರೋಹಿತರೇಖೆ ಅವರು ಒಳಗಿನ ರಸಾಯನವನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ದೀಪಗಳ ದುರಸ್ತಿ ಮಾಡುವವನಾಗಿ ನಾನು ಮೀಟರಿನಲ್ಲಿ ಕಾಣುವ ಸಂಗತಿಯನ್ನು ಸೇರಿಸುತ್ತೇನೆ, ಏಕೆಂದರೆ ಬಣ್ಣದ ಬದಲಾವಣೆಗೆ ಅಷ್ಟು ಹೊತ್ತು ಹಿಡಿಯುವುದೇಕೆ ಎಂಬುದು ಅದರಿಂದ ತಿಳಿಯುತ್ತದೆ.

400 ವಾಟಿನ ದೀಪವೊಂದನ್ನು ತೆಗೆದುಕೊಳ್ಳಿ. ಹೊತ್ತಿಕೊಂಡ ಕೂಡಲೇ ಅದರ ಎರಡು ತುದಿಗಳ ನಡುವಿನ ವೋಲ್ಟೇಜ್ ಸುಮಾರು 20ರಷ್ಟು ಮಾತ್ರ ಇರುತ್ತದೆ. ಕರೆಂಟು ಮಾತ್ರ ಪೂರ್ತಿ ಬೆಳಗುವಾಗಿನದಕ್ಕಿಂತ ಹೆಚ್ಚಿರುತ್ತದೆ, ಅದು ಮಿತಿ ಮೀರದಂತೆ ಚೋಕ್ ತಡೆದಿರುತ್ತದೆ. ಎರಡನ್ನೂ ಗುಣಿಸಿ ನೋಡಿದರೆ ದೀಪಕ್ಕೆ ಸಿಗುತ್ತಿರುವುದು ಅದರ ಪೂರ್ಣ ಶಕ್ತಿಯ ಸಣ್ಣ ಪಾಲು. ಆ ಸಣ್ಣ ಪಾಲಿನಿಂದಲೇ ಅದು ತನ್ನನ್ನು ತಾನು ಕಾಯಿಸಿಕೊಳ್ಳಬೇಕು. ಪಾದರಸ ಆವಿಯಾದಂತೆಲ್ಲ ಒತ್ತಡ ಏರುತ್ತದೆ, ಎಲೆಕ್ಟ್ರಾನುಗಳ ಹಾದಿಯಲ್ಲಿ ಅಡ್ಡಿ ಹೆಚ್ಚುತ್ತದೆ, ವೋಲ್ಟೇಜ್ ಮೇಲೇರುತ್ತದೆ, ಕರೆಂಟು ಇಳಿಯುತ್ತದೆ, ಒಟ್ಟು ಶಕ್ತಿ ಹೆಚ್ಚುತ್ತದೆ. ಕೊನೆಗೆ ವೋಲ್ಟೇಜ್ 120ರಿಂದ 135ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮೀಟರಿನ ಮುಳ್ಳು ವೇಗವಾಗಿ ಏರುವ ಹೊತ್ತೇ ನೀಲಿ ಬೆಳಕು ಪ್ರಖರವಾಗುವ ಹೊತ್ತು. ಮುಳ್ಳು ಬಹುಪಾಲು ನಿಂತ ಮೇಲೂ ಬಣ್ಣ ಬದಲಾಗುತ್ತಲೇ ಇರುತ್ತದೆ, ಏಕೆಂದರೆ ವೋಲ್ಟೇಜನ್ನು ನಿರ್ಧರಿಸುವುದು ಹೆಚ್ಚಾಗಿ ಪಾದರಸ, ಬಣ್ಣವನ್ನು ನಿರ್ಧರಿಸುವುದು ಅಯೋಡೈಡುಗಳು.

ಆರಿಸಿ ತಣ್ಣಗಾದ ಬಲ್ಬನ್ನು ಬೆಳಕಿಗೆ ಹಿಡಿದು ನೋಡಿದರೆ ಇದೆಲ್ಲ ಕಣ್ಣಿಗೇ ಕಾಣುತ್ತದೆ. ಒಳಕೊಳವೆಯ ಗೋಡೆಯ ಮೇಲೆ ಸೂಜಿಮೊನೆಯಷ್ಟು ಸಣ್ಣ ಪಾದರಸದ ಮಣಿಗಳು ಹೊಳೆಯುತ್ತವೆ; ಕೆಳಗಿನ ಮೂಲೆಯಲ್ಲಿ ಹಳದಿ ಬಣ್ಣದ, ಕರಗಿ ಹೆಪ್ಪುಗಟ್ಟಿದಂತಿರುವ ಅಯೋಡೈಡಿನ ಪೊರೆ ಅಂಟಿರುತ್ತದೆ. ಕ್ವಾರ್ಟ್ಜ್ ಕೊಳವೆಯ ತುದಿಗಳಿಗೆ ಬಿಳಿಯ ಲೇಪ ಇರುವುದನ್ನೂ ಗಮನಿಸಿ. ತುದಿಗಳು ನಡುಭಾಗಕ್ಕಿಂತ ತಣ್ಣಗಿರುತ್ತವೆ, ಅಯೋಡೈಡು ಅಲ್ಲಿಯೇ ಹೋಗಿ ಕೂರುತ್ತದೆ. ಆ ಲೇಪ ಶಾಖವನ್ನು ಒಳಕ್ಕೆ ಮರಳಿಸಿ ತುದಿಗಳನ್ನು ಬಿಸಿಯಾಗಿ ಇಡುತ್ತದೆ.

ಅರುಣವರ್ಣ:

ನನ್ನ ತಿಳಿವಳಿಕೆ ಬೇರೆಯಾಗಿತ್ತು. ಕಬ್ಬಿಣ ಕಾಯ್ದಂತೆ ಮೊದಲು ಕೆಂಪಗೆ, ಆಮೇಲೆ ಹಳದಿಯಾಗಿ, ಕೊನೆಗೆ ಬೆಳ್ಳಗೆ ಆಗುವುದಿಲ್ಲವೇ? ದೀಪವೂ ಬಿಸಿಯಾದಂತೆ ಬಣ್ಣ ಬದಲಿಸುತ್ತದೆ ಎಂದರೆ ಅದೇ ನಿಯಮ ಇಲ್ಲಿಯೂ ಅನ್ವಯಿಸಬೇಕಲ್ಲವೇ? ಬೆಳಕಿನ ಬಣ್ಣವನ್ನು ಕೆಲ್ವಿನ್‌ಗಳಲ್ಲಿ ಹೇಳುವುದೂ ಅದಕ್ಕೇ ಅಲ್ಲವೇ?

ರೋಹಿತರೇಖೆ:

ಅರುಣವರ್ಣ ಅವರೇ, ಈ ಅನುಮಾನ ಸಹಜವಾದದ್ದು. ಆದರೆ ಕ್ರಮವನ್ನು ಗಮನಿಸಿ. ಕಾಯ್ದ ಕಬ್ಬಿಣದ ನಿಯಮ ಇಲ್ಲಿ ನಡೆಯುತ್ತಿದ್ದರೆ ದೀಪ ಕೆಂಪಿನಿಂದ ಆರಂಭವಾಗಿ ನೀಲಿಯ ಕಡೆಗೆ ಸಾಗಬೇಕಿತ್ತು. ಇಲ್ಲಿ ನಡೆಯುವುದು ಅದಕ್ಕೆ ತಿರುವುಮುರುವು: ನೇರಳೆ ಮತ್ತು ನೀಲಿ ಮೊದಲು ಬಂದು, ಹಳದಿ ಮತ್ತು ಕೆಂಪಿನ ಪಾಲು ಕೊನೆಗೆ ಸೇರುತ್ತದೆ.

ಕಬ್ಬಿಣದಂಥ ಘನವಸ್ತು ಎಲ್ಲ ಬಣ್ಣಗಳನ್ನೂ ಒಟ್ಟಿಗೆ ಸೂಸುತ್ತದೆ, ತಾಪ ಬದಲಾದಂತೆ ಅವುಗಳ ಪ್ರಮಾಣ ಬದಲಾಗುತ್ತದೆ. ಆವಿಯಾದ ಪರಮಾಣು ತನಗೆ ಮೀಸಲಾದ ಕೆಲವೇ ತರಂಗಾಂತರಗಳಲ್ಲಿ ಬೆಳಕು ಕೊಡುತ್ತದೆ. ಆರ್ಕ್‌ನ ನಡುಭಾಗವಂತೂ ಆರಂಭದ ನಿಮಿಷದಲ್ಲೇ ಸಾವಿರಾರು ಡಿಗ್ರಿಯಲ್ಲಿರುತ್ತದೆ. ಈ ಕೆಲವು ನಿಮಿಷಗಳಲ್ಲಿ ನಿಧಾನವಾಗಿ ಬಿಸಿಯಾಗುವುದು ಕೊಳವೆಯ ಗೋಡೆ. ಗೋಡೆಯ ತಾಪ ಏರಿದಂತೆ ಆರ್ಕ್‌ಗೆ ಹೊಸ ಹೊಸ ವಸ್ತುಗಳು ಬಂದು ಸೇರುತ್ತವೆ, ಬಣ್ಣ ಬದಲಾಗುವುದು ಆ ಕಾರಣದಿಂದ. ದೀಪದ ಪೊಟ್ಟಣದ ಮೇಲೆ 4000 ಕೆಲ್ವಿನ್ ಎಂದು ಬರೆದಿದ್ದರೆ, ಅದರ ಬೆಳಕು ಅಷ್ಟು ತಾಪದ ಕಾಯ್ದ ವಸ್ತುವಿನ ಬಣ್ಣವನ್ನು ಕಣ್ಣಿಗೆ ಹೋಲುತ್ತದೆ ಎಂದಷ್ಟೇ ತಿಳಿಯಬೇಕು.

ಸಂಜೆಬೆಳಕು:

ಇಬ್ಬರಿಗೂ ಧನ್ಯವಾದಗಳು. ಬಹಳಷ್ಟು ತಿಳಿಯಾಯಿತು. ಇನ್ನೊಂದು ಪ್ರಶ್ನೆ ಉಳಿದಿದೆ. ಸೋಡಿಯಂ ಬಹಳ ಸುಲಭವಾಗಿ ಬೆಳಕು ಕೊಡುವ ಲೋಹ ಎಂದು ಓದಿದ್ದೇನೆ. ಒಂದು ಚಿಟಿಕೆ ಉಪ್ಪು ಬೆಂಕಿಗೆ ಬಿದ್ದರೂ ಜ್ವಾಲೆ ಹಳದಿಯಾಗುತ್ತದೆ. ಹಾಗಿದ್ದ ಮೇಲೆ ಹಳದಿ ಬೆಳಕು ಎಲ್ಲಕ್ಕಿಂತ ಮೊದಲು ಬರಬೇಕಿತ್ತು. ಹಸಿರು ಏಕೆ ಅದಕ್ಕಿಂತ ಮುಂಚೆ ಬರುತ್ತದೆ?

ರೋಹಿತರೇಖೆ:

ಇಡೀ ವಿಷಯದ ತಿರುಳು ಈ ಪ್ರಶ್ನೆಯಲ್ಲಿದೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಇಲ್ಲಿ ಎರಡು ಪ್ರತ್ಯೇಕ ಗುಣಗಳನ್ನು ಬಿಡಿಬಿಡಿಯಾಗಿ ನೋಡಬೇಕು. ವಸ್ತು ಎಷ್ಟು ಸುಲಭವಾಗಿ ಆವಿಯಾಗುತ್ತದೆ ಎಂಬುದು ಮೊದಲನೆಯದು. ಆವಿಯಾದ ಮೇಲೆ ಅದರ ಪರಮಾಣು ಎಷ್ಟು ಸುಲಭವಾಗಿ ಬೆಳಕು ಕೊಡುತ್ತದೆ ಎಂಬುದು ಎರಡನೆಯದು. ಬಣ್ಣಗಳು ಬರುವ ಸರದಿಯನ್ನು ಮೊದಲ ಗುಣ ನಿರ್ಧರಿಸುತ್ತದೆ. ಬಂದ ಮೇಲೆ ಯಾರ ಕೈ ಮೇಲಾಗುತ್ತದೆ ಎಂಬುದನ್ನು ಎರಡನೆಯದು ನಿರ್ಧರಿಸುತ್ತದೆ.

ಥಾಲಿಯಂ ಅಯೋಡೈಡಿನ ಕುದಿಬಿಂದು ಸುಮಾರು 823 ಡಿಗ್ರಿ ಸೆಲ್ಸಿಯಸ್, ಸೋಡಿಯಂ ಅಯೋಡೈಡಿನದು ಸುಮಾರು 1304 ಡಿಗ್ರಿ. ದೀಪದ ಗೋಡೆ ಈ ಎರಡನೆಯ ಸಂಖ್ಯೆಯ ಹತ್ತಿರಕ್ಕೂ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಕುದಿಯುವುದಕ್ಕೆ ಬಹಳ ಮುಂಚೆಯೇ ಅಲ್ಪಸ್ವಲ್ಪ ಆವಿ ಹುಟ್ಟುತ್ತದೆ, ಅಷ್ಟು ಸಾಕು. ಆದರೆ ಒಂದೇ ತಾಪದಲ್ಲಿ ಹೋಲಿಸಿದರೆ ಥಾಲಿಯಂ ಅಯೋಡೈಡಿನ ಆವಿಯ ಒತ್ತಡ ಸೋಡಿಯಂ ಅಯೋಡೈಡಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹೀಗಾಗಿ ಥಾಲಿಯಂ ಇರುವ ದೀಪದಲ್ಲಿ 535 ನ್ಯಾನೊಮೀಟರ್ ತರಂಗಾಂತರದ ಅದರ ಹಸಿರು ರೇಖೆ ಮೊದಲು ಬರುತ್ತದೆ. ಇಂಡಿಯಂ ಅಯೋಡೈಡು ಇನ್ನೂ ಸುಲಭವಾಗಿ ಆವಿಯಾಗುವುದರಿಂದ 451 ನ್ಯಾನೊಮೀಟರಿನ ಅದರ ನೀಲಿ ರೇಖೆಯೂ ಬೇಗ ಬರುತ್ತದೆ. ಸೋಡಿಯಂ ತಡವಾಗಿ ಬರುತ್ತದೆ, ಡಿಸ್ಪ್ರೋಸಿಯಂನಂಥ ಲೋಹಗಳೂ ತಡವಾಗಿಯೇ ಬರುತ್ತವೆ.

ತಡವಾಗಿ ಬಂದರೂ ಸೋಡಿಯಂ ಬಂದ ಕೂಡಲೇ ತನ್ನ ಪ್ರಭಾವ ತೋರಿಸುತ್ತದೆ. ಅದರ ಹಳದಿ ಬೆಳಕಿಗೆ 2.1 ಎಲೆಕ್ಟ್ರಾನ್ ವೋಲ್ಟ್ ಚೈತನ್ಯ ಸಾಕು. ಪಾದರಸದ ಪರಮಾಣು ಕಣ್ಣಿಗೆ ಕಾಣುವ ತನ್ನ ರೇಖೆಗಳನ್ನು ಕೊಡಬೇಕಾದರೆ ಅದನ್ನು 7ರಿಂದ 9 ಎಲೆಕ್ಟ್ರಾನ್ ವೋಲ್ಟ್‌ವರೆಗೆ ಏರಿಸಬೇಕು. ಕೊಳವೆಯಲ್ಲಿ ಪಾದರಸದ ಪರಮಾಣುಗಳು ಸೋಡಿಯಂಗಿಂತ ಬಹಳ ಹೆಚ್ಚು ಸಂಖ್ಯೆಯಲ್ಲಿದ್ದರೂ ಚೈತನ್ಯವನ್ನು ಮೊದಲು ಸೆಳೆದುಕೊಳ್ಳುವುದು ಸೋಡಿಯಂ. ಪೂರ್ಣ ಬೆಳಗುವ ಹೊತ್ತಿಗೆ ಪಾದರಸ ಬೆಳಕಿನ ಮುಖ್ಯ ಮೂಲವಾಗಿ ಉಳಿದಿರುವುದಿಲ್ಲ. ಒತ್ತಡವನ್ನು ಕಾಯ್ದುಕೊಂಡು, ಶಾಖ ಗೋಡೆಗೆ ಬೇಗ ಸೋರದಂತೆ ತಡೆಯುವ ಹಿನ್ನೆಲೆಯ ಕೆಲಸಕ್ಕೆ ಅದು ಸರಿಯುತ್ತದೆ. ಆರಂಭದಲ್ಲಿ ಎಲ್ಲವನ್ನೂ ಹೊತ್ತು ನಿಂತಿದ್ದ ವಸ್ತು ಹೀಗೆ ಹಿಂದಕ್ಕೆ ಸರಿದು ಬೇರೆಯವಕ್ಕೆ ದಾರಿ ಬಿಡುವುದು ನನಗೆ ಈ ದೀಪದ ಅತ್ಯಂತ ಸುಂದರವಾದ ಸಂಗತಿಯಾಗಿ ಕಾಣುತ್ತದೆ.

ಇನ್ನೊಂದು ಮಾತು. ಬೆಳಕು ಸ್ಥಿರವಾದ ಮೇಲೂ ಸೋಡಿಯಂ ಅಯೋಡೈಡು ಪೂರ್ತಿ ಆವಿಯಾಗಿರುವುದಿಲ್ಲ. ಮುಚ್ಚಿದ ಪಾತ್ರೆಯ ತಳದಲ್ಲಿ ನೀರು ಉಳಿದಿರುವಷ್ಟು ಹೊತ್ತೂ ಮೇಲಿನ ಹಬೆಯ ಪ್ರಮಾಣವನ್ನು ತಾಪವೇ ನಿರ್ಧರಿಸುವ ಹಾಗೆ, ಇಲ್ಲಿಯೂ ಕೊಳವೆಯ ಅತ್ಯಂತ ತಣ್ಣನೆಯ ಜಾಗದಲ್ಲಿ ದ್ರವವಾಗಿ ಉಳಿದಿರುವ ಅಯೋಡೈಡಿನ ತಾಪವೇ ಆವಿಯ ಪ್ರಮಾಣವನ್ನು ಹಿಡಿದಿಡುತ್ತದೆ. ಚೋಕ್‌ಪೆಟ್ಟಿಗೆ ಅವರು ಹೇಳಿದ ತುದಿಯ ಲೇಪದ ಮಹತ್ವ ಇಲ್ಲಿದೆ. ಆ ಒಂದು ಜಾಗದ ತಾಪ ಸ್ವಲ್ಪ ಹೆಚ್ಚುಕಡಿಮೆಯಾದರೂ ದೀಪದ ಬಣ್ಣ ಬದಲಾಗುತ್ತದೆ. ಒಂದೇ ಸಾಲಿನ ದೀಪಗಳು ಬೇರೆ ಬೇರೆಯಾಗಿ ಕಾಣುವುದೇಕೆ ಎಂಬ ನಿಮ್ಮ ಪ್ರಶ್ನೆಗೂ ಉತ್ತರದ ದೊಡ್ಡ ಪಾಲು ಇದೇ.

ಹಳೆಯತಟ್ಟೆ:

ಇಷ್ಟು ಓದಿದ ಮೇಲೆ, ಇದನ್ನು ಕಣ್ಣಾರೆ ನೋಡುವ ದಾರಿಯೊಂದನ್ನು ಹೇಳಬೇಕೆನ್ನಿಸಿತು. ಬಳಸದೆ ಬಿದ್ದಿರುವ ಒಂದು ಸಿ.ಡಿ. ಮತ್ತು ರಟ್ಟಿನ ಡಬ್ಬಿ ಇದ್ದರೆ ಸಾಕು. ಡಬ್ಬಿಯ ಒಂದು ಬದಿಯಲ್ಲಿ ಕೂದಲೆಳೆಯಷ್ಟು ಕಿರಿದಾದ ಸೀಳು ಮಾಡಿ, ಒಳಗೆ ಸಿ.ಡಿ.ಯನ್ನು ಓರೆಯಾಗಿ ನಿಲ್ಲಿಸಿ, ಮೇಲಿನಿಂದ ನೋಡಲು ಒಂದು ಸಣ್ಣ ಕಿಂಡಿ ಬಿಡಬೇಕು. ಸಿ.ಡಿ.ಯ ಮೇಲಿನ ಅತಿ ಹತ್ತಿರದ ಗೆರೆಗಳು ಬೆಳಕನ್ನು ಅದರ ಬಣ್ಣಗಳಾಗಿ ಬಿಡಿಸುತ್ತವೆ. ಸೀಳನ್ನು ದೀಪದ ಕಡೆಗೆ ತಿರುಗಿಸಿ ಹಿಡಿದರಾಯಿತು.

ದೀಪ ಆಗ ತಾನೇ ಹೊತ್ತಿಕೊಂಡಿದ್ದಾಗ ಕತ್ತಲ ಹಿನ್ನೆಲೆಯಲ್ಲಿ ಬಿಡಿಬಿಡಿಯಾದ ಗೆರೆಗಳು ನಿಂತಿರುತ್ತವೆ: ಒಂದು ನೇರಳೆ, ಒಂದು ಗಾಢ ನೀಲಿ, ಒಂದು ಹಸಿರು, ಮತ್ತು ಒತ್ತಾಗಿರುವ ಹಳದಿಯ ಜೋಡಿ. ಇವು ಪಾದರಸದ 405, 436, 546 ಮತ್ತು 577–579 ನ್ಯಾನೊಮೀಟರಿನ ರೇಖೆಗಳು. ಕೆಂಪಿನ ಜಾಗ ಬಹುತೇಕ ಖಾಲಿ. ಥಾಲಿಯಂ ಇರುವ ದೀಪವಾದರೆ ಸ್ವಲ್ಪ ಹೊತ್ತಿನಲ್ಲಿ ಪಾದರಸದ ಹಸಿರು ಗೆರೆಯ ಪಕ್ಕದಲ್ಲಿ, ನೀಲಿಯ ಬದಿಗೆ, ಇನ್ನೊಂದು ಹಸಿರು ಗೆರೆ ಮೂಡುತ್ತದೆ. ಅದು ಗಟ್ಟಿಯಾಗುತ್ತಿರುವಾಗಲೇ ಹಳದಿ ಜೋಡಿಯ ಬಲಕ್ಕೆ, ಕಿತ್ತಳೆಯ ಕಡೆಗೆ, ತೆಳುವಾದ ಸೋಡಿಯಂ ಗೆರೆ ಕಾಣಿಸಿಕೊಂಡು ನಿಮಿಷದೊಳಗೆ ಎಲ್ಲಕ್ಕಿಂತ ಉಜ್ವಲವಾಗುತ್ತದೆ, ಆಮೇಲೆ ಅಗಲವಾಗುತ್ತದೆ. ಲಿಥಿಯಂ ಸೇರಿಸಿರುವ ದೀಪದಲ್ಲಿ 671 ನ್ಯಾನೊಮೀಟರಿನ ಕೆಂಪು ಗೆರೆಯೂ ಸಿಗುತ್ತದೆ. ಸ್ಕ್ಯಾಂಡಿಯಂ ಅಥವಾ ಡಿಸ್ಪ್ರೋಸಿಯಂ ಇದ್ದರೆ ಬಿಡಿ ಗೆರೆಗಳ ನಡುವಿನ ಕತ್ತಲ ಜಾಗಗಳೆಲ್ಲ ಲೆಕ್ಕವಿಲ್ಲದಷ್ಟು ಸಣ್ಣ ಗೆರೆಗಳಿಂದ ತುಂಬಿಕೊಳ್ಳುತ್ತಾ ಹೋಗುತ್ತವೆ. ಆ ದೀಪದ ಬೆಳಕಿನಲ್ಲಿ ವಸ್ತುಗಳ ಬಣ್ಣ ಸಹಜವಾಗಿ ಕಾಣುವುದಕ್ಕೆ ಈ ತುಂಬುವಿಕೆಯೇ ಕಾರಣ. ಪ್ರಖರವಾದ ದೀಪವನ್ನು ಬರಿಗಣ್ಣಿನಿಂದ ದಿಟ್ಟಿಸಬೇಡಿ. ಡಬ್ಬಿಯ ಸೀಳಿನ ಮೂಲಕ ಮಾತ್ರ ನೋಡಿ.

ಚಿತ್ರಚೌಕಟ್ಟು:

ಛಾಯಾಚಿತ್ರ ತೆಗೆಯುವವರಿಗೆ ಉಪಯೋಗವಾಗಲಿ ಎಂದು ಒಂದು ಮಾತು. ಈ ಬದಲಾವಣೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಲು ಹೊರಟರೆ, ಅದರ ವೈಟ್ ಬ್ಯಾಲೆನ್ಸ್ ತಾನೇ ತಾನಾಗಿ ಬಣ್ಣವನ್ನು ತಿದ್ದುತ್ತಾ ಹೋಗಿ, ನೀವು ಹಿಡಿಯಬೇಕೆಂದಿದ್ದ ಬದಲಾವಣೆಯನ್ನೇ ಅಳಿಸಿಬಿಡುತ್ತದೆ. ವೈಟ್ ಬ್ಯಾಲೆನ್ಸ್ ಮತ್ತು ಎಕ್ಸ್‌ಪೋಶರ್ ಎರಡನ್ನೂ ಮೊದಲೇ ಸ್ಥಿರಪಡಿಸಿಕೊಳ್ಳಿ. ನಮ್ಮ ಕಣ್ಣೂ ಇದೇ ಕೆಲಸ ಮಾಡುತ್ತದೆ. ಇಡೀ ಬೀದಿ ಒಂದೇ ಬೆಳಕಿನಲ್ಲಿದ್ದಾಗ ಕಣ್ಣು ಅದಕ್ಕೆ ಹೊಂದಿಕೊಂಡು, ಹಸಿರು ಛಾಯೆಯನ್ನು ಬಿಳಿ ಎಂದೇ ಒಪ್ಪಿಕೊಳ್ಳುತ್ತದೆ. ಆಗಲೇ ಬಿಳಿಯಾಗಿರುವ ಬೇರೊಂದು ದೀಪ ಪಕ್ಕದಲ್ಲಿದ್ದರೆ ಮಾತ್ರ ವ್ಯತ್ಯಾಸ ಎದ್ದು ಕಾಣುತ್ತದೆ. ಸಾದಾ ಚೋಕ್ ಇರುವ ದೀಪದ ಬೆಳಕು ವಿದ್ಯುತ್ತಿನ ಆವರ್ತನದ ಎರಡರಷ್ಟು ವೇಗದಲ್ಲಿ, ಅಂದರೆ ಸೆಕೆಂಡಿಗೆ 100 ಅಥವಾ 120 ಬಾರಿ, ಏರಿಳಿಯುತ್ತದೆ. ಶಟರ್ ವೇಗ ತೀರಾ ಹೆಚ್ಚಿದ್ದರೆ ಒಂದೊಂದು ಚಿತ್ರದಲ್ಲಿ ಒಂದೊಂದು ಬಣ್ಣ ಬರುವುದುಂಟು.

ಸಂಜೆಬೆಳಕು:

ಸಿ.ಡಿ.ಯ ಉಪಾಯ ಬಹಳ ಹಿಡಿಸಿತು. ಖಂಡಿತ ಮಾಡಿ ನೋಡುತ್ತೇನೆ. ಚೋಕ್‌ಪೆಟ್ಟಿಗೆ ಅವರೇ, ವಿದ್ಯುತ್ ಹೋಗಿ ಬಂದಾಗ ಆಗುವುದರ ಬಗ್ಗೆ, ಮತ್ತು ಹಳೆಯ ದೀಪಗಳ ಬಣ್ಣದ ಬಗ್ಗೆ ತಾವು ತಿಳಿಸಬೇಕು.

ಚೋಕ್‌ಪೆಟ್ಟಿಗೆ:

ಮೊದಲು ವಿದ್ಯುತ್ ಹೋಗಿ ಬರುವ ವಿಷಯ. ಉರಿಯುತ್ತಿರುವ ದೀಪದ ಒಳಕೊಳವೆಯಲ್ಲಿ ಒತ್ತಡ ವಾತಾವರಣದ ಹಲವು ಪಟ್ಟು ಇರುತ್ತದೆ. ವಿದ್ಯುತ್ ಒಂದು ಕ್ಷಣ ತಪ್ಪಿದರೂ ಆರ್ಕ್ ಆರಿಹೋಗುತ್ತದೆ, ಆದರೆ ಒತ್ತಡ ಕೂಡಲೇ ಇಳಿಯುವುದಿಲ್ಲ. ತಣ್ಣಗಿರುವ ದೀಪವನ್ನು ಹೊತ್ತಿಸಲು ಇಗ್ನೈಟರ್ ಕೊಡುವ 3ರಿಂದ 5 ಸಾವಿರ ವೋಲ್ಟಿನ ಪೆಟ್ಟು ಅಷ್ಟು ದಟ್ಟವಾದ ಆವಿಯನ್ನು ಭೇದಿಸಲಾರದು. ಕೊಳವೆ ತಣಿದು ಪಾದರಸ ಮರಳಿ ಹನಿಗಟ್ಟುವವರೆಗೆ ಕಾಯಲೇಬೇಕು. ಐದರಿಂದ ಹದಿನೈದು ನಿಮಿಷ ಹಿಡಿಯುವುದು ಸಾಮಾನ್ಯ. ಅಮೆರಿಕದಲ್ಲಿ 2013ರ ಸೂಪರ್ ಬೌಲ್ ಪಂದ್ಯದ ನಡುವೆ ಕ್ರೀಡಾಂಗಣದ ವಿದ್ಯುತ್ ಹೋಗಿ ಆಟ 34 ನಿಮಿಷ ನಿಂತಿತ್ತು. ಅಲ್ಲಿನ ಮೆಟಲ್ ಹ್ಯಾಲೈಡ್ ದೀಪಗಳು ತಣಿದು ಮತ್ತೆ ಹೊತ್ತಿಕೊಳ್ಳಲು ಸಮಯ ಬೇಕಾದದ್ದೂ ಆ ವಿಳಂಬಕ್ಕೆ ಒಂದು ಕಾರಣ. ಬಿಸಿಯಿದ್ದಾಗಲೇ ಹೊತ್ತಿಸುವ ವಿಶೇಷ ಇಗ್ನೈಟರುಗಳೂ ಇವೆ, ಆದರೆ ಅವು ಹತ್ತಾರು ಸಾವಿರ ವೋಲ್ಟ್ ಕೊಡಬೇಕಾಗುತ್ತದೆ, ಹೋಲ್ಡರ್ ಮತ್ತು ತಂತಿಗಳೂ ಅದನ್ನು ತಾಳುವಂತಿರಬೇಕು. ಬೀದಿದೀಪಗಳಿಗೆ ಅವನ್ನು ಹಾಕುವುದು ವಿರಳ.

ಹೀಗೆ ಮರಳಿ ಹೊತ್ತಿಕೊಂಡ ದೀಪದ ಬಣ್ಣಗಳನ್ನು ಗಮನಿಸಿ. ಗೋಡೆ ಇನ್ನೂ ಬೆಚ್ಚಗಿರುವುದರಿಂದ ಮೊದಲಿನ ನೇರಳೆ ಹಂತ ಕಂಡೂ ಕಾಣದಂತೆ ಕಳೆದುಹೋಗುತ್ತದೆ, ಬಿಳಿಯವರೆಗಿನ ಹಾದಿ ತಣ್ಣನೆಯ ದೀಪಕ್ಕಿಂತ ಬೇಗ ಮುಗಿಯುತ್ತದೆ.

ಇನ್ನು ವಯಸ್ಸಿನ ವಿಷಯ. ಉರಿದಂತೆಲ್ಲ ಎಲೆಕ್ಟ್ರೋಡಿನ ಟಂಗ್‌ಸ್ಟನ್ ಸ್ವಲ್ಪ ಸ್ವಲ್ಪವೇ ಆವಿಯಾಗಿ ಗೋಡೆಗೆ ಕಪ್ಪಗೆ ಹತ್ತುತ್ತದೆ. ಕ್ವಾರ್ಟ್ಜ್ ಕೊಳವೆಯಿಂದ ಸೋಡಿಯಂ ನಿಧಾನವಾಗಿ ಸೋರಿಹೋಗುತ್ತದೆ. ಅದು ಸೋರುವ ಬಗೆ ಕುತೂಹಲದ್ದು. ಆರ್ಕ್‌ನಿಂದ ಬರುವ ನೇರಳಾತೀತ ಕಿರಣ ಒಳಕೊಳವೆಯನ್ನು ಹಿಡಿದಿರುವ ಲೋಹದ ತಂತಿಗೆ ಬಡಿದು ಎಲೆಕ್ಟ್ರಾನುಗಳನ್ನು ಹೊರಡಿಸುತ್ತದೆ. ಅವು ಕೊಳವೆಯ ಹೊರಮೈ ಮೇಲೆ ಕೂಡಿಕೊಂಡು, ಒಳಗಿನ ಸೋಡಿಯಂ ಅಯಾನುಗಳನ್ನು ಬಿಸಿ ಕ್ವಾರ್ಟ್ಜ್‌ನ ಮೂಲಕವೇ ಹೊರಕ್ಕೆ ಎಳೆಯುತ್ತವೆ. ಸೋಡಿಯಂ ಕಡಿಮೆಯಾದಂತೆ ಹಳದಿಯ ಪಾಲು ಕುಗ್ಗಿ, ಬೆಳಕು ನೀಲಿ-ಹಸಿರಿನ ಕಡೆಗೆ ವಾಲುತ್ತದೆ, ದೀಪದ ವೋಲ್ಟೇಜೂ ಏರುತ್ತದೆ. ಅಲ್ಯುಮಿನಾ ಕೊಳವೆಯ ದೀಪಗಳಲ್ಲಿ ಈ ಸೋರಿಕೆ ಬಹಳ ಕಡಿಮೆ, ಅದರ ಗೋಡೆ ಇನ್ನೂ ಹೆಚ್ಚು ತಾಪವನ್ನು ತಾಳುತ್ತದೆ. ಆದ್ದರಿಂದಲೇ ಅವುಗಳ ಬಣ್ಣ ದೀಪದಿಂದ ದೀಪಕ್ಕೆ ಅಷ್ಟಾಗಿ ಬೇರೆಯಾಗುವುದಿಲ್ಲ. ಒಂದು ಸಾಲಿನಲ್ಲಿ ಕೆಟ್ಟ ದೀಪವನ್ನಷ್ಟೇ ಬದಲಿಸಿದಾಗ ಹೊಸದು ಹಳೆಯವುಗಳ ನಡುವೆ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ಬಣ್ಣ ಮುಖ್ಯವಾಗಿರುವ ಕಡೆ ಇಡೀ ಸಾಲನ್ನು ಒಟ್ಟಿಗೆ ಬದಲಿಸುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಬಲ್ಬನ್ನು ಕೂರಿಸಿರುವ ಭಂಗಿಯೂ ಲೆಕ್ಕಕ್ಕೆ ಬರುತ್ತದೆ. ಅಡ್ಡವಾಗಿ ಉರಿಯುವ ಕೊಳವೆಯಲ್ಲಿ ಬಿಸಿ ಆವಿ ಮೇಲೇರುವುದರಿಂದ ಆರ್ಕ್ ಮೇಲಕ್ಕೆ ಬಾಗುತ್ತದೆ, ಅತ್ಯಂತ ತಣ್ಣನೆಯ ಜಾಗ ಬೇರೆಡೆಗೆ ಸರಿಯುತ್ತದೆ. ನೇರವಾಗಿ ಉರಿಯಲೆಂದು ಮಾಡಿದ ಬಲ್ಬನ್ನು ಅಡ್ಡ ಫಿಟ್ಟಿಂಗಿಗೆ ಹಾಕಿದರೆ ಬಣ್ಣವೂ ಕೆಡುತ್ತದೆ, ಬಾಳಿಕೆಯೂ ಕುಗ್ಗುತ್ತದೆ.

ಅರುಣವರ್ಣ:

ವಿವರಣೆಗೆ ಕೃತಜ್ಞತೆಗಳು, ರೋಹಿತರೇಖೆ ಅವರೇ. ಹಳದಿ ಬೆಳಕಿನ ಸೋಡಿಯಂ ಬೀದಿದೀಪಗಳೂ ಹೀಗೆಯೇ ಬಣ್ಣ ಬದಲಿಸುತ್ತವೆಯೇ? ಕೆಲವು ಕಾರುಗಳ ಮುಂದೀಪಗಳೂ ಮೊದಲು ನೀಲಿಯಾಗಿ ಕಂಡು ಆಮೇಲೆ ಬಿಳಿಯಾಗುವುದನ್ನು ನೋಡಿದ್ದೇನೆ.

ರೋಹಿತರೇಖೆ:

ಹೌದು, ಅವುಗಳಿಗೂ ತಮ್ಮದೇ ಸರದಿ ಇದೆ. ಕಡಿಮೆ ಒತ್ತಡದ ಸೋಡಿಯಂ ದೀಪ ನಿಯಾನ್‌ನಿಂದ ಆರಂಭವಾಗುತ್ತದೆ, ಹಾಗಾಗಿ ಮೊದಲು ಕೆಂಪಾಗಿದ್ದು ಆಮೇಲೆ ಅಚ್ಚ ಹಳದಿಯಾಗುತ್ತದೆ. ಹೆಚ್ಚು ಒತ್ತಡದ ಸೋಡಿಯಂ ದೀಪದಲ್ಲಿ ಸಾಮಾನ್ಯವಾಗಿ ಕ್ಸೆನಾನ್ ಮತ್ತು ಪಾದರಸ ಇರುವುದರಿಂದ ಮೊದಲು ನೀಲಿ ಬೆರೆತ ಬಿಳಿ, ನಂತರ ಅಚ್ಚ ಹಳದಿ, ಒತ್ತಡ ಏರಿದ ಮೇಲೆ ಹೊಂಬಣ್ಣ. ಕೊನೆಯ ಹಂತದಲ್ಲಿ ಸೋಡಿಯಂ ರೇಖೆ ಅಗಲವಾಗಿ, ಅದರ ನಟ್ಟನಡುವಿನ ಬೆಳಕನ್ನು ಗೋಡೆಯ ಬಳಿಯ ತಣ್ಣನೆಯ ಸೋಡಿಯಂ ಆವಿಯೇ ಹೀರಿಕೊಳ್ಳುತ್ತದೆ. ಸಿ.ಡಿ.ಯ ಡಬ್ಬಿಯಲ್ಲಿ ನೋಡಿದರೆ ಹಳದಿಯ ನಡುವೆ ಕಪ್ಪು ಪಟ್ಟಿ ಕಾಣುತ್ತದೆ.

ಕಾರಿನ ಕ್ಸೆನಾನ್ ದೀಪವೂ ಮೂಲತಃ ಮೆಟಲ್ ಹ್ಯಾಲೈಡ್ ದೀಪವೇ. ನಿಮಿಷಗಟ್ಟಲೆ ಕಾಯುವಂತಿಲ್ಲವಾದ್ದರಿಂದ ಅದರಲ್ಲಿ ಹೆಚ್ಚು ಒತ್ತಡದ ಕ್ಸೆನಾನ್ ತುಂಬಿರುತ್ತಾರೆ. ಅದು ಕೂಡಲೇ ಬೆಳಕು ಕೊಡುತ್ತದೆ. ಜೊತೆಗೆ 35 ವಾಟಿನ ದೀಪಕ್ಕೆ ಆರಂಭದಲ್ಲಿ ಅದರ ಎರಡು ಪಟ್ಟಿನಷ್ಟು ಶಕ್ತಿ ಕೊಟ್ಟು ಗೋಡೆಯನ್ನು ಬೇಗ ಕಾಯಿಸುತ್ತಾರೆ. ಬೀದಿದೀಪ ನಿಮಿಷಗಳಲ್ಲಿ ತೋರಿಸುವುದನ್ನು ಅದು ಸೆಕೆಂಡುಗಳಲ್ಲಿ ಮುಗಿಸುತ್ತದೆ.

ಸಂಜೆಬೆಳಕು:

ಕೊನೆಯದಾಗಿ ಒಂದು ಪ್ರಶ್ನೆ. ಹೊತ್ತಿಕೊಂಡು ಬಹಳ ಹೊತ್ತಾದ ಮೇಲೂ ಹಸಿರಿನಲ್ಲೇ ನಿಂತುಬಿಟ್ಟಿರುವ ದೀಪವನ್ನು ಕಂಡರೆ ಏನೆಂದು ತಿಳಿಯಬೇಕು? ಅದರ ಬಗ್ಗೆ ಸಂಬಂಧಪಟ್ಟವರಿಗೆ ತಿಳಿಸುವುದು ಅಗತ್ಯವೇ?

ಚೋಕ್‌ಪೆಟ್ಟಿಗೆ:

ಹತ್ತು ನಿಮಿಷ ಕಳೆದರೂ ಹಸಿರು ಅಥವಾ ನೀಲಿಯಲ್ಲೇ ನಿಂತಿದೆ ಎಂದರೆ ಗೋಡೆಗೆ ಸಾಕಷ್ಟು ಶಾಖ ಸಿಗುತ್ತಿಲ್ಲ, ಇಲ್ಲವೇ ಒಳಗಿನ ಸೋಡಿಯಂ ಮುಗಿಯುತ್ತಾ ಬಂದಿದೆ. ಶಾಖ ಸಾಲದಿರುವುದಕ್ಕೆ ಸರಬರಾಜಿನ ವೋಲ್ಟೇಜ್ ಕಡಿಮೆಯಿರುವುದು ಒಂದು ಕಾರಣ, ಬಲ್ಬಿನ ವಾಟೇಜಿಗೆ ಹೊಂದದ ಚೋಕ್ ಇನ್ನೊಂದು ಕಾರಣ. ನಾವು ಮೊದಲು ಅವೆರಡನ್ನು ಅಳೆದು, ಸರಿಯಿದ್ದರೆ ಬಲ್ಬನ್ನು ಬೇರೆ ಕಂಬದ ಫಿಟ್ಟಿಂಗಿಗೆ ಹಾಕಿ ನೋಡುತ್ತೇವೆ. ಹಸಿರು ಬಲ್ಬಿನ ಜೊತೆಗೇ ಹೋದರೆ ಬಲ್ಬನ್ನು ಬದಲಿಸಬೇಕು. ಹಸಿರು ಮೊದಲಿನ ಕಂಬದಲ್ಲೇ ಉಳಿದರೆ ಚೋಕ್ ಮತ್ತು ತಂತಿಯ ಕಡೆ ನೋಡಬೇಕು. ಬೆಳಕನ್ನು ತಗ್ಗಿಸಿ ವಿದ್ಯುತ್ ಉಳಿಸುವ ವ್ಯವಸ್ಥೆಗೆ ಜೋಡಿಸಿರುವ ದೀಪಗಳು ನಡುರಾತ್ರಿ ಹಸಿರಾಗುವುದು ಮಾತ್ರ ದೋಷವಲ್ಲ: ಶಕ್ತಿ ತಗ್ಗಿದಾಗ ಸೋಡಿಯಂ ಮತ್ತು ವಿರಳ ಭಸ್ಮ ಲೋಹಗಳ ಅಯೋಡೈಡು ಮರಳಿ ಗೋಡೆಗೆ ಕೂರುತ್ತದೆ, ಥಾಲಿಯಂ ಆವಿಯಾಗಿಯೇ ಉಳಿಯುತ್ತದೆ. ಹೊತ್ತಿಕೊಳ್ಳುವಾಗ ಕಂಡ ಸರದಿ ಆಗ ಹಿಂದುಮುಂದಾಗಿ ನಡೆದಿರುತ್ತದೆ.

ತಿಳಿಸುವ ವಿಷಯಕ್ಕೆ ಬಂದರೆ, ಹಸಿರು ದೀಪದ ಬಗ್ಗೆ ನಿಧಾನವಾಗಿ ತಿಳಿಸಿದರೂ ನಡೆಯುತ್ತದೆ. ಆದರೆ ಹೊರಗಿನ ಗಾಜು ಒಡೆದಿದ್ದರೂ ಒಳಕೊಳವೆ ಉರಿಯುತ್ತಲೇ ಇರುವ ದೀಪವನ್ನು ಕಂಡರೆ ಒಂದು ಗಳಿಗೆಯೂ ತಡಮಾಡಬೇಡಿ. ನೇರಳಾತೀತ ಕಿರಣವನ್ನು ತಡೆಯುವುದು ಆ ಹೊರಗಾಜು; ಅದಿಲ್ಲದ ದೀಪದ ಕೆಳಗೆ ನಿಂತವರಿಗೆ ಕಣ್ಣುರಿಯೂ ಚರ್ಮದ ಸುಡುವಿಕೆಯೂ ಕೆಲವು ಗಂಟೆಗಳ ಮೇಲೆ ಕಾಣಿಸಿಕೊಳ್ಳುತ್ತವೆ, ಆಗ ಕಾರಣ ದೀಪ ಎಂದು ಯಾರಿಗೂ ಹೊಳೆಯುವುದಿಲ್ಲ. ಅಂಥ ದೀಪದ ಕೆಳಗೆ ನಿಲ್ಲದೆ, ಕಂಬದ ಸಂಖ್ಯೆಯನ್ನು ದೂರದಿಂದಲೇ ಗುರುತಿಸಿಕೊಂಡು ನಿರ್ವಹಣೆಯವರಿಗೆ ಕೂಡಲೇ ಕರೆ ಮಾಡಿ ಅದನ್ನು ಆರಿಸಲು ಹೇಳಿ.